ಎಚ್ ಮೊಳೆ ಮುಗಿದ ದಿನ

ಪ್ರೂಫ್ ತಿದ್ದುವುದಕ್ಕೆ ಇಬ್ಬರು ಬೇಕು. ಒಬ್ಬರು ಮೂಲ ಪ್ರತಿಯನ್ನು ಕೈಯಲ್ಲಿ ಹಿಡಿದು ಗಟ್ಟಿಯಾಗಿ ಓದುತ್ತಾ ಹೋಗಬೇಕು. ಇನ್ನೊಬ್ಬರು ಪ್ರೂಫಿನ ಮೇಲೆ ಕಣ್ಣಿಟ್ಟು, ಕಿವಿಗೆ ಬಿದ್ದದ್ದಕ್ಕೂ ಕಣ್ಣಿಗೆ ಕಂಡದ್ದಕ್ಕೂ ತಾಳೆಯಾಗದ ಕಡೆ ಗುರುತು ಹಾಕಬೇಕು. ಯಶವಂತಪುರದ ರೈಲ್ವೆ ಸ್ಟೇಷನ್ನಿನ ಹಿಂದಿದ್ದ ನಮ್ಮ ಅಚ್ಚುಕೂಟದಲ್ಲಿ ಗುರುತು ಹಾಕುವವನು ನಾನು. ಓದುವವರು ಕೋಗಿಲು ಎಂಬ ಹಳ್ಳಿಯಿಂದ ಬರುತ್ತಿದ್ದ ಆಲಮ್ಮ. ಚೀನಾ ಯುದ್ಧ ಮುಗಿದ ಮಾರನೇ ವರ್ಷದ ಮಾತು ಇದು.

ಆಕೆ ಕೆಲಸಕ್ಕೆ ಸೇರಿ ಆಗ ಎರಡು ತಿಂಗಳು ಕಳೆದಿತ್ತು. ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವರು. ಎಸ್ಸೆಸ್ಸೆಲ್ಸಿ ಕ್ಲಾಸಿನವರೆಗೆ ಓದಿದ್ದರು, ಇಂಗ್ಲಿಷ್ ಅಕ್ಷರಗಳನ್ನು ತಡವರಿಸದೆ ಓದುತ್ತಿದ್ದರು. ಬೆಳಿಗ್ಗೆ ಕೋಗಿಲಿನಿಂದ ಯಲಹಂಕ ಸ್ಟೇಷನ್ನಿಗೆ ನಡೆದು, ಅಲ್ಲಿಂದ ರೈಲು ಹತ್ತಿ ಬರುತ್ತಿದ್ದರು. ದ್ರಾಕ್ಷಿ ತೋಟ ಮಾಡಿಕೊಂಡಿದ್ದ ಅವರ ಅಣ್ಣ ಒಂದು ಮಾತಿನ ಮೇಲೆ ಕಳಿಸಿದ್ದರಂತೆ. ಅಚ್ಚುಕೂಟದವರು ಮೂರು ತಿಂಗಳು ನೋಡಿ ಉಳಿಸಿಕೊಂಡರೆ ಸರಿ. ಬೇಡ ಎಂದು ಕಳಿಸಿದರೆ ಮತ್ತೆ ರೈಲು ಹತ್ತುವ ಮಾತೇ ಎತ್ತಬಾರದು. ಇದನ್ನು ಆಕೆ ಸೇರಿದ ದಿನವೇ ನನಗೆ ಹೇಳಿದ್ದರು. ನಾನು ಹಾಜರಿ ಪುಸ್ತಕದಲ್ಲಿ ಹೆಸರು ಬರೆದುಕೊಳ್ಳುತ್ತಾ ಹೂಂಗುಟ್ಟಿದ್ದೆ.

ನನ್ನ ಬಗ್ಗೆ ಹೇಳುವುದಾದರೆ, ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತಿತ್ತು. ನನ್ನ ಕಣ್ಣಿನ ಬಗ್ಗೆ ಇನ್ನಿಲ್ಲದ ಜಂಬವೂ ಇತ್ತು. ಆ ಎರಡೂ ಸೇರಿ ಏನು ಮಾಡಿದವು ಎಂಬುದೇ ಈ ಕಥೆ.

ಕೆಲಸ ತಂದವರು ಹೆಬ್ಬಾಳದ ಕೆರೆಯಾಚೆ ಒಂದು ಹಳೇ ಬಂಗಲೆಯಲ್ಲಿದ್ದ ವಯಸ್ಸಾದ ಪಾದ್ರಿ. ಬಿಳಿಯರು. ಕನ್ನಡವನ್ನು ಪುಸ್ತಕದಿಂದ ಕಲಿತವರು, ಹಾಗಾಗಿ ಮಾತು ಒಂದು ಅಕ್ಷರವೂ ಸವೆಯದೆ ಬರುತ್ತಿತ್ತು. ಬೆಂಗಳೂರಿಗೆ ಬರುವ ಮೊದಲು ಅವರು ನ್ಯೂಗಿನಿಯಲ್ಲಿದ್ದರು. ಆಸ್ಟ್ರೇಲಿಯಾದ ಉತ್ತರಕ್ಕಿರುವ ಆ ದೊಡ್ಡ ದ್ವೀಪದಲ್ಲಿ ಫ್ಲೈ ಎಂಬ ನದಿ ಸಮುದ್ರಕ್ಕೆ ಸೇರುವ ಕಡೆ ಕಿವಾಯಿ ಎಂಬ ಉದ್ದನೆಯ ನಡುಗಡ್ಡೆ ಇದೆಯಂತೆ. ಅಲ್ಲಿನ ಭಾಷೆಗೂ ಕಿವಾಯಿ ಎಂದೇ ಹೆಸರು. ಅಲ್ಲಿಂದ ಮೂಡಣ ಕರಾವಳಿಯುದ್ದಕ್ಕೂ ಅದರ ದಾಯಾದಿ ಭಾಷೆಗಳು ಹಬ್ಬಿವೆ. ಅವರು ಊರೂರು ತಿರುಗಿ ಪೆನ್ಸಿಲಿನಲ್ಲಿ ಬರೆದುಕೊಂಡ ಶಬ್ದಗಳ ನೋಟ್‌ಬುಕ್ಕುಗಳನ್ನು ಒಂದು ಬಟ್ಟೆಯ ಗಂಟಿನಲ್ಲಿ ತಂದಿದ್ದರು.

“ಈ ಭಾಷೆಗಳಿಗೆಲ್ಲ ಒಬ್ಬಳು ಅಜ್ಜಿ ಇದ್ದಳು. ಆಕೆಯ ಮಾತನ್ನು ಕೇಳಿದವರು ಇಂದು ಯಾರೂ ಇಲ್ಲ. ಮೊಮ್ಮಕ್ಕಳ ಮಾತುಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ಅಜ್ಜಿಯ ಮಾತನ್ನು ಊಹಿಸಬೇಕು” ಎಂದು ವಿವರಿಸಿದರು.

ಪುಟದ ವ್ಯವಸ್ಥೆ ಹೀಗಿತ್ತು. ಎಡಗಡೆ ಇಂಗ್ಲಿಷ್ ಅರ್ಥ. ಆಮೇಲೆ ನಡುಗಡ್ಡೆಯ ಕಡೆಯ ಎರಡು ಊರಿನ ಶಬ್ದಗಳು, ಅದರ ಪಕ್ಕಕ್ಕೆ ಮೂಡಣದ ಎರಡು ಊರಿನವು. ಇಂಥ ಮೂರು ಫಾರಂ, ಫಾರಂ ಎಂದರೆ ಒಟ್ಟಿಗೆ ಅಚ್ಚಾಗುವ ಎಂಟು ಪುಟ. ನಾಲ್ಕನೆಯದರಲ್ಲಿ ಮಾತ್ರ ಅಜ್ಜಿಯ ಶಬ್ದಗಳು, ಪ್ರತಿಯೊಂದರ ಮೊದಲಿಗೆ ಒಂದು ನಕ್ಷತ್ರದ ಗುರುತು. ಇದನ್ನು ಯಾರೂ ಕಿವಿಯಾರೆ ಕೇಳಿಲ್ಲ, ಇದು ಲೆಕ್ಕ ಹಾಕಿ ಕಂಡುಕೊಂಡದ್ದು ಎಂದು ಒಪ್ಪಿಕೊಳ್ಳುವುದಕ್ಕೆ ಆ ನಕ್ಷತ್ರ. ನಾಲ್ಕನೆಯ ಫಾರಮ್ಮಿನ ಕಾಪಿ, ಅಂದರೆ ಮೂಲ ಪ್ರತಿ, ಇನ್ನೂ ಸಿದ್ಧವಿರಲಿಲ್ಲ. ಪಾದ್ರಿಗಳ ಎರಡು ಕಣ್ಣಿಗೂ ಪೊರೆ ಬಂದಿತ್ತು. ತಮ್ಮದೇ ಪೆನ್ಸಿಲ್ ಬರಹ ಅವರಿಗೆ ಕಾಣುತ್ತಿರಲಿಲ್ಲ. ನಾವು ಅಚ್ಚು ಹಾಕಿ ಕೊಟ್ಟ ಹಾಳೆಯನ್ನು ಭೂತಗನ್ನಡಿಯಲ್ಲಿ ನೋಡಿ, ಅದರ ಮೇಲೆ ಅಜ್ಜಿಯ ಶಬ್ದಗಳನ್ನು ಲೆಕ್ಕ ಹಾಕುವುದು ಅವರ ಯೋಜನೆ. ಮೂರು ವಾರಕ್ಕೆ ಆಸ್ಟ್ರೇಲಿಯಾಕ್ಕೆ ಅವರ ಹಡಗು. ಅಷ್ಟರಲ್ಲಿ ಪುಸ್ತಕ ಕೈಗೆ ಸಿಗಬೇಕು. ಅಲ್ಲಿ ಈ ಭಾಷೆಗಳನ್ನೇ ಓದುತ್ತಿರುವ ವಿದ್ವಾಂಸರಿಗೆ ಅದನ್ನು ಕೊಟ್ಟು ಬಿಡುವುದು, ಆಮೇಲೆ ತಮ್ಮ ಕೆಲಸ ಮುಗಿಯಿತು ಎಂದರು.

ನಮ್ಮಲ್ಲಿ ಆ ಅಳತೆಯ ಇಂಗ್ಲಿಷ್ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಇದ್ದದ್ದು ಒಂದೇ ಕೇಸು. ಒಂದು ಫಾರಂ ಅಚ್ಚಾದ ಮೇಲೆ ಅದರ ಮೊಳೆ ಬಿಚ್ಚಿ, ಅಕ್ಷರ ಅಕ್ಷರ ವಿಂಗಡಿಸಿ, ಕೇಸಿನ ಗೂಡುಗಳಿಗೆ ವಾಪಸು ತುಂಬಿದರೆ ಮಾತ್ರ ಮುಂದಿನದನ್ನು ಜೋಡಿಸಬಹುದು. ಬಿಚ್ಚಿದ ಮೇಲೆ ತಪ್ಪು ಸಿಕ್ಕಿದರೆ ಮತ್ತೆ ಮೊದಲಿನಿಂದ.

ಮೊದಲ ಫಾರಮ್ಮಿನ ಪ್ರೂಫ್ ಬಂತು. ಆಲಮ್ಮ ಕಿಟಕಿಯ ಕಡೆ ಕೂತು ನೋಟ್‌ಬುಕ್ ಎತ್ತಿಕೊಂಡರು. ಊರಿನ ಹೆಸರು, ಮನುಷ್ಯರ ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳುವುದು, ಉಳಿದ ಶಬ್ದಗಳನ್ನು ಉಚ್ಚಾರದಂತೆ ಓದುತ್ತಾ ಹೋಗುವುದು ನಮ್ಮ ರೂಢಿ. ಅದನ್ನೇ ಇಲ್ಲಿಯೂ ಇಟ್ಟುಕೊಂಡೆವು. ನೀರಿಗೆ ಓಬೋ, ಮರಕ್ಕೆ ಓತಾ, ಬೆಂಕಿಗೆ ಏರಾ. ಹುಡುಗ ಎಂಬಲ್ಲಿಗೆ ಬಂದಾಗ ಆಕೆ ನಡುಗಡ್ಡೆಯ ಕಡೆಯದನ್ನು ಓಸಿಓ ಎಂದು ಓದಿ, ಮೂಡಣದ್ದನ್ನು ಓಇಓ ಎಂದರು. ನನ್ನ ಪ್ರೂಫಿನಲ್ಲಿ ನಡುವೆ ಒಂದು ಎಚ್ ಇತ್ತು.

“ಸರಿಯಾಗಿ ನೋಡಿದ್ರೇನಮ್ಮ?”

“ನೋಡ್ಕಂಡೇ ಓದ್ತಾ ಇವ್ನಿ ಸಾ. ಅಂಗೇ ಐತೆ.”

ಎಚ್ ಹೊಡೆದು ಹಾಕಿದೆ. ಮುಂದೆ ಮತ್ತೊಂದು ಬಂತು, ಅದನ್ನೂ ಹೊಡೆದೆ. ಎಂಟು ಪುಟ ಮುಗಿಯುವ ಹೊತ್ತಿಗೆ ಮೂಡಣದ ಸಾಲುಗಳಲ್ಲಿ ಒಂದೇ ಒಂದು ಎಚ್ ಉಳಿದಿರಲಿಲ್ಲ. ನನಗೆ ಮೊಳೆ ಜೋಡಿಸುವವರ ಮೇಲೆ ಕೋಪ ಬಂತು. ಆತ ನನಗಿಂತ ಹಿರಿಯರು, ಶಿವಾಜಿನಗರದವರು, ಕೈಯ ಮೇಲೆ ಭರವಸೆಯಿದ್ದ ಮನುಷ್ಯ.

“ಏನ್ರೀ, ನಿದ್ದೆಗಣ್ಣಲ್ಲಿ ಜೋಡಿಸಿದ್ರಾ? ಎಲ್ಲಿ ನೋಡಿದ್ರೂ ಎಚ್ ತುರುಕಿದ್ದೀರಲ್ಲ!”

“ಕಾಪೀಲಿ ಇತ್ತಲ್ಲ ಸಾರ್” ಎಂದರು ಆತ.

“ನಾನು ಹಾಕಿದ ಗುರುತು ನೋಡ್ಕೊಂಡು ತೆಗೀರಿ ಸಾಕು. ಪ್ರಶ್ನೆ ಕೇಳ್ಬೇಡಿ.”

ಅಚ್ಚುಕೂಟದಲ್ಲಿ ಪ್ರೂಫಿನ ಗುರುತೇ ಕೊನೆಯ ಮಾತು. ಆತ ಚಿಮಟದಿಂದ ಒಂದೊಂದಾಗಿ ಎಚ್ ಎತ್ತಿ ಗೂಡಿಗೆ ಹಾಕಿದರು. ಫಾರಂ ಯಂತ್ರಕ್ಕೇರಿತು, ಅಚ್ಚಾಯಿತು, ಮೊಳೆ ಬಿಚ್ಚಿದ್ದಾಯಿತು. ಒಂದು ಪ್ರತಿ ಹೆಬ್ಬಾಳಕ್ಕೆ ಹೋಯಿತು. ಹೇಳಿದ ದಿನಕ್ಕಿಂತ ಒಂದು ದಿನ ಮುಂಚೆಯೇ ಕಳಿಸಿದೆವೆಂದು ನಾನು ಬೀಗಿದ್ದೂ ಆಯಿತು.

ಎರಡನೆಯ ಫಾರಂ ಜೋಡಿಸುತ್ತಿದ್ದ ವಾರದಲ್ಲೇ, ನಾವು ಅಚ್ಚು ಹಾಕಿಕೊಟ್ಟಿದ್ದ ಭಜನಾ ಮಂಡಳಿಯ ಕರಪತ್ರದ ಗಲಾಟೆ ಎದ್ದಿತು. “ಹಾಡು ಕೇಳಲು ಎಲ್ಲರೂ ಬನ್ನಿ” ಎಂದಿರಬೇಕಾದ್ದು “ಆಡು ಕೇಳಲು ಎಲ್ಲರೂ ಬನ್ನಿ” ಎಂದು ಅಚ್ಚಾಗಿ ಬೀದಿ ಬೀದಿಗೆ ಹಂಚಿಹೋಗಿತ್ತು. ಎಷ್ಟು ಆಡು ಕೊಡ್ತೀರಿ, ಗಂಡೋ ಹೆಣ್ಣೋ ಎಂದು ಜನ ಮಂಡಳಿಯವರನ್ನು ಕೇಳಿದರಂತೆ. ಜೋಡಿಸುವವರು ಆತುರದಲ್ಲಿ ‘ಹಾ’ ಬದಲು ‘ಆ’ ಹಾಕಿದ್ದರು. ಆಲಮ್ಮ ಕಾಪಿಯಲ್ಲಿದ್ದ ಹಾಡನ್ನು ತಮ್ಮ ಊರಿನ ಬಾಯಲ್ಲಿ ಆಡು ಎಂದು ಓದಿದ್ದರು. ಕಿವಿಗೂ ಕಣ್ಣಿಗೂ ತಾಳೆಯಾಯಿತೆಂದು ನಾನು ದಾಟಿಬಿಟ್ಟಿದ್ದೆ.

ಮಾಲೀಕರು ಕರಪತ್ರವನ್ನು ನನ್ನ ಮೇಜಿನ ಮೇಲೆ ಬಿಸಾಡಿದರು. “ಇನ್ನೊಂದು ತಪ್ಪು ಬರ್ಲಿ, ಆ ಯಮ್ಮನ್ನ ಅವತ್ತೇ ಮನೆಗೆ ಕಳಿಸ್ತೀನಿ. ಮೂರು ತಿಂಗಳು ತುಂಬೋವರೆಗೂ ಕಾಯಲ್ಲ.”

ಅವರು ಬೈದದ್ದನ್ನು ನಾನು ಹಾಗೇ ಕೆಳಕ್ಕೆ ದಾಟಿಸಿದೆ. “ನಿಮಗೆ ಹ ಅನ್ನೋ ಅಕ್ಷರ ಒಂದಿದೆ ಅಂತ ಯಾರೂ ಹೇಳಿಕೊಡ್ಲಿಲ್ವಾ? ಹಾಡು ಅನ್ನಿ. ಹಾ! ಹೊಟ್ಟೆಯಿಂದ ಉಸಿರು ಬರ್ಲಿ!” ನಾಲ್ಕು ಜನರ ಮುಂದೆ ಅನ್ನಿಸಿದೆ. ಆಕೆ ಮುಖ ಕೆಂಪಾಗಿ, ಹಾಡು, ಹಾಡು ಎಂದು ಎರಡು ಸಲ ಅಂದರು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಅಷ್ಟು ಬೈದವನಿಗೆ ಒಂದು ವಿಷಯ ಹೊಳೆಯಬೇಕಾಗಿತ್ತು. ಹೊಳೆಯಲಿಲ್ಲ. ಆಡಿನದು ಕನ್ನಡದ ಸಮಾಚಾರ, ಪಾದ್ರಿಗಳದ್ದು ಇಂಗ್ಲಿಷ್ ಅಕ್ಷರದ ಕೆಲಸ, ಇದಕ್ಕೂ ಅದಕ್ಕೂ ಏನು ಸಂಬಂಧ ಎಂದುಕೊಂಡೆ.

ಎರಡನೆಯ ಫಾರಮ್ಮಿನ ಪ್ರೂಫ್ ಓದುವಾಗ ಆಲಮ್ಮನ ಧ್ವನಿಯೇ ಬೇರೆಯಾಗಿತ್ತು. ಪ್ರತಿ ಶಬ್ದಕ್ಕೂ ಮೊದಲು ಒಂದು ಸಲ ಎಂಜಲು ನುಂಗುತ್ತಿದ್ದರು. ಬೈಸಿಕೊಂಡದ್ದು ತಲೆಯಲ್ಲಿ ಕೂತು, ಸ್ವರದಿಂದ ಶುರುವಾಗುವ ಶಬ್ದ ಕಂಡರೆ ಸಾಕು, ಅದರ ಮೊದಲಿಗೆ ಒಂದು ಉಸಿರು ಸೇರಿಸಿಬಿಡುತ್ತಿದ್ದರು. ನಾನು ನಿಯತ್ತಾಗಿ ಹಂಸಪಾದ ಹಾಕಿ, ಮೇಲೆ ಎಚ್ ಬರೆಯುತ್ತಾ ಹೋದೆ. ಅಲ್ಲಿಯೂ ಜೋಡಿಸುವವರದ್ದೇ ತಪ್ಪೆಂದು ನಂಬಿದ್ದೆ. ತಿದ್ದಿದ ಪ್ರೂಫ್ ಆತನ ಕೈಗೆ ಕೊಟ್ಟು, ಕಾಫಿ ಕುಡಿದು ಬಂದೆ. ಆತ ಕೇಸಿನ ಮುಂದೆ ಕೈ ಕಟ್ಟಿಕೊಂಡು ನಿಂತಿದ್ದರು.

“ಎಚ್ ಮೊಳೆ ಮುಗೀತು ಸಾರ್.”

“ಮುಗೀತು ಅಂದ್ರೆ?”

“ಗೂಡು ಖಾಲಿ. ಮೂರು ಪುಟ ತಿದ್ದೋಷ್ಟರಲ್ಲೇ ಖಾಲಿ. ಮೊದ್ಲ್ನೇ ಫಾರಂನಲ್ಲಿ ಎಚ್ ತೆಗ್ಸೀ ತೆಗ್ಸೀ ಗೂಡು ತುಂಬಿ ಚೆಲ್ಲೋ ಹಾಗೆ ಮಾಡಿದ್ರಿ. ಈಗ ನೋಡಿದ್ರೆ ಇಡೀ ಕೇಸಲ್ಲಿ ಇರೋ ಎಚ್ ಸಾಲ್ದು ಅಂತೀರಿ. ಪ್ರಶ್ನೆ ಕೇಳ್ಬೇಡಿ ಅಂದಿದ್ರಿ, ಕೇಳ್ತಾ ಇಲ್ಲ. ಮೊಳೆ ಇಲ್ಲ ಅಂತ ಹೇಳ್ತಿದೀನಿ ಅಷ್ಟೇ ಕಣ್ರೀ.”

ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹಿಂದಿನ ಕೋಣೆಗೆ ಹೋಗಿ, ಮೊದಲ ಫಾರಮ್ಮಿನ ಅಚ್ಚಾದ ಹಾಳೆ ಪಕ್ಕಕ್ಕಿಟ್ಟು, ಯಾರಿಂದಲೂ ಓದಿಸದೆ ನನ್ನ ಕಣ್ಣಿನಿಂದಲೇ ನೋಡಿದೆ. ಮಾಸಿದ ಪೆನ್ಸಿಲ್ಲಿನಲ್ಲಿ, ಮೂಡಣದ ಸಾಲಿನಲ್ಲಿ, ಓ ಆದ ಮೇಲೆ ಸ್ಪಷ್ಟವಾಗಿ ಒಂದು ಎಚ್. ಅದರ ಕೆಳಗೂ ಒಂದು. ನಾನು ಹೊಡೆದು ಹಾಕಿದ ಪ್ರತಿಯೊಂದು ಎಚ್ಚೂ ಅಲ್ಲಿ ಕೂತಿತ್ತು. ಎರಡನೆಯ ಫಾರಮ್ಮಿನಲ್ಲಿ ನಾನು ಸೇರಿಸಿದ ಒಂದು ಎಚ್ಚೂ ಅಲ್ಲಿರಲಿಲ್ಲ.

ಅವತ್ತು ನನಗೆ ನನ್ನ ಕಸುಬಿನ ಗುಟ್ಟು ತಿಳಿಯಿತು. ಆಲಮ್ಮ ಎರಡು ತಿಂಗಳಿಂದ ಊವು, ಅಣ್ಣು, ಅಳ್ಳಿ ಎಂದೇ ಓದುತ್ತಿದ್ದರು. ನನಗೆ ಕೇಳಿಸಿದ್ದು ಮಾತ್ರ ಹೂವು, ಹಣ್ಣು, ಹಳ್ಳಿ. ಕನ್ನಡ ನನಗೆ ಗೊತ್ತಿದ್ದರಿಂದ ಕಿವಿ ತಾನೇ ತಿದ್ದಿಕೊಳ್ಳುತ್ತಿತ್ತು. ಆಡು ಎಂಬುದು ಬೇರೊಂದು ಶಬ್ದವೂ ಆದ್ದರಿಂದ ಅಲ್ಲಿ ಎಡವಿದೆ. ಕಿವಾಯಿಯ ಒಂದು ಶಬ್ದವೂ ನನಗೆ ಗೊತ್ತಿರಲಿಲ್ಲ. ಅಲ್ಲಿ ತಿದ್ದಿಕೊಳ್ಳುವುದಕ್ಕೆ ಕಿವಿಗೆ ಆಧಾರವೇ ಇರಲಿಲ್ಲ. ಕಿವಿಯನ್ನು ನಂಬಿ ಕಣ್ಣ ಮುಂದಿದ್ದ ಸರಿಯನ್ನು ಹೊಡೆದು ಹಾಕಿದ್ದೆ.

ಪಾದ್ರಿಗಳು ಹಡಗು ಹಿಡಿಯಲು ಹೊರಡುವುದಕ್ಕೆ ಇನ್ನು ಹತ್ತು ದಿನವಿತ್ತು.

ಮಾಲೀಕರಿಗೆ ಹೇಳುವುದೋ ಬೇಡವೋ ಎಂದು ನಾನು ತಲೆ ಕೆಡಿಸಿಕೊಳ್ಳುತ್ತಿರುವಾಗಲೇ, ಮಾರನೇ ಬೆಳಿಗ್ಗೆ ಪಾದ್ರಿಗಳ ಜಟಕಾ ಬಾಗಿಲಿಗೆ ಬಂತು. ಕೈಯಲ್ಲಿ ದಪ್ಪ ಅಕ್ಷರದಲ್ಲಿ ಬರೆದ ಕೆಲವು ಹಾಳೆಗಳಿದ್ದವು. ನಾಲ್ಕನೆಯ ಫಾರಮ್ಮಿನ ಮೊದಲ ಭಾಗ, ಅಜ್ಜಿಯ ಶಬ್ದಗಳು. ಅವರ ಮುಖದಲ್ಲಿ ಸಂತೋಷವೂ ಇತ್ತು, ಏನೋ ಒಂದು ಕಳವಳವೂ ಇತ್ತು. ಮಾಲೀಕರು ಕುರ್ಚಿ ಹಾಕಿಸಿದರು.

“ತಮ್ಮ ಹಾಳೆಗಳಿಂದ ನನಗೆ ಬಹಳ ಉಪಕಾರವಾಯಿತು. ನನ್ನ ಒಂದು ತಪ್ಪು ತಿಳಿವಳಿಕೆ ಹೋಯಿತು” ಎಂದರು ಅವರು. “ಸಾಯಂಕಾಲ ಮೂಡಣ ಊರುಗಳಲ್ಲಿ ತಾಯಂದಿರು ದಡದಲ್ಲಿ ನಿಂತು, ದೋಣಿಯಲ್ಲಿ ಹೋದ ಗಂಡುಮಕ್ಕಳನ್ನು ಕೂಗಿ ಕರೆಯುತ್ತಿದ್ದರು. ಆ ಕೂಗಿನ ನಡುವೆ ಒಂದು ಉಸಿರು ಇತ್ತು ಎಂದು ಇಷ್ಟು ವರ್ಷ ನನ್ನ ನೆನಪು. ಅಜ್ಜಿಯ ಎಸ್ ಅಲ್ಲಿ ಸವೆದು ಎಚ್ ಆಗಿದೆ ಎಂದು ನಂಬಿದ್ದೆ. ಆದರೆ ನಾನೇ ಅಂದು ಬರೆದದ್ದರಲ್ಲಿ ಎಚ್ ಇಲ್ಲವಲ್ಲ! ಒಂದೆರಡು ಕಡೆ ಬಿಟ್ಟಿದ್ದರೆ ಕೈತಪ್ಪು ಎನ್ನಬಹುದಾಗಿತ್ತು. ಎಲ್ಲಿಯೂ ಇಲ್ಲ. ಆದ್ದರಿಂದ ಬರೆದದ್ದು ಸತ್ಯ, ನೆನಪು ಸುಳ್ಳು. ಮುದುಕನ ಕಿವಿ ಹಾಗೆ ಮೋಸ ಮಾಡುತ್ತದೆ.”

ಆ ಕಡೆ ಆಲಮ್ಮ ನಿಂತಿದ್ದರು. ಹಿಂದಿನ ದಿನ ಜೋಡಿಸುವವರಿಂದ ಆಕೆಗೆ ಎಲ್ಲ ತಿಳಿದಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ನನ್ನನ್ನೇ ನೋಡುತ್ತಿದ್ದರು. ನಾನು ಮಾಲೀಕರನ್ನು ಹೊರಗೆ ಕರೆದು, ಸಣ್ಣ ಧ್ವನಿಯಲ್ಲಿ ಇದ್ದದ್ದನ್ನು ಇದ್ದಂತೆ ಹೇಳಿದೆ.

ಮಾಲೀಕರು ನನ್ನ ತೋಳು ಹಿಡಿದುಕೊಂಡರು.

“ಅಲ್ರೀ, ಅವರಿಗೇ ಕಣ್ಣು ಕಾಣ್ಸಲ್ಲ. ಅವರಿಗೇ ಒಪ್ಪಿಗೆ ಆಗಿದೆ. ಆ ದೇಶದೋರು ಯಶವಂತಪುರಕ್ಕೆ ಬಂದು ಎಚ್ ಎಲ್ಲಿ ಅಂತ ಕೇಳ್ತಾರಾ? ಸುಮ್ನೆ ಇದ್ಬಿಡಿ. ಆ ಯಮ್ಮನ್ನ ಇವತ್ತೇ ಕಳಿಸೋಣ, ಮುಂದಿನ ಫಾರಂ ನೀವೊಬ್ರೇ ನೋಡ್ಕೊಳಿ.”

ಸುಳ್ಳೇಕೆ ಹೇಳಲಿ, ಅದು ನನಗೆ ಹಿಡಿಸಿತು. ಆ ಮಾತಿನಲ್ಲಿ ನನಗೆ ಯಾವ ಕಷ್ಟವೂ ಇರಲಿಲ್ಲ. ಅಚ್ಚುಕೂಟದ ಹೆಸರು ಉಳಿಯುತ್ತಿತ್ತು, ನನ್ನ ಕಣ್ಣಿನ ಹೆಸರೂ ಉಳಿಯುತ್ತಿತ್ತು. ಆಲಮ್ಮನ ಅಣ್ಣನಿಗೂ ನನಗೂ ಮುಖಾಮುಖಿ ಆಗುವ ಸಂಭವವಿರಲಿಲ್ಲ. ತಿರುಗಿ ನೋಡಿದೆ. ಪಾದ್ರಿಗಳು ಭೂತಗನ್ನಡಿಯನ್ನು ನಮ್ಮ ಹಾಳೆಯ ಮೇಲೆ ಮೆಲ್ಲಗೆ ಸರಿಸುತ್ತಾ, ಖಾಲಿಯಿದ್ದ ಜಾಗವನ್ನು ಮತ್ತೆ ಮತ್ತೆ ನೋಡಿಕೊಳ್ಳುತ್ತಿದ್ದರು. ಎಷ್ಟೋ ವರ್ಷ ಕಿವಿಯಲ್ಲಿ ಇಟ್ಟುಕೊಂಡಿದ್ದ ಒಂದು ಕೂಗನ್ನು ಆ ಮನುಷ್ಯ ನನ್ನ ಗುರುತು ನಂಬಿ ಬಿಟ್ಟುಕೊಡುತ್ತಿದ್ದರು. ನನಗೆ ತಡೆಯಲಾಗಲಿಲ್ಲ.

ಒಳಗೆ ಹೋಗಿ ಅವರ ಮುಂದೆ ನಿಂತೆ. “ನಿಮ್ಮ ನೆನಪು ಸರಿ ಸ್ವಾಮಿ. ನೀವು ಬರೆದದ್ದೂ ಸರಿ. ಎಚ್ ಎಲ್ಲ ತೆಗೆದವನು ನಾನು.”

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಲಮ್ಮ ಓದುವ ರೀತಿ, ನಾನು ಗುರುತು ಹಾಕುವ ರೀತಿ ಎಲ್ಲ ವಿವರಿಸಿದೆ. ಅಷ್ಟರಲ್ಲಿ ಆಲಮ್ಮ ಮುಂದೆ ಬಂದರು.

“ತಪ್ಪು ನಂದು ಸಾಮಿ. ಕಾಪೀಲಿ ಕಂಡಂಗೇ ಓದಿವ್ನಿ ಅಂದ್ಕಂಡಿದ್ದೆ. ನನ್ ಬಾಯಿಗೆ ಅದು ಬರಾಕಿಲ್ಲ ಅಂತ ನಂಗೇ ಗೊತ್ತಿರ್ಲಿಲ್ಲ.”

ಪಾದ್ರಿಗಳು ಆಕೆಯ ಧ್ವನಿ ಬಂದ ಕಡೆ ಮುಖ ತಿರುಗಿಸಿದರು. “ತಮ್ಮ ಊರು ಯಾವುದು?”

“ಕೋಗಿಲು.”

ಅವರು ಸಿಟ್ಟಾಗುತ್ತಾರೆಂದು ಕಾದಿದ್ದೆ. ಅವರು ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟು, ಕಣ್ಣೊರೆಸಿಕೊಂಡು ನಕ್ಕರು.

“ಹಳಗನ್ನಡದಲ್ಲಿ ಪಾಡು ಎನ್ನುತ್ತಿದ್ದರು. ಪ ಸವೆದು ಹಾಡು ಆಯಿತು. ಹ ಸವೆದು ತಮ್ಮ ಊರಿನಲ್ಲಿ ಆಡು ಆಗಿದೆ. ಇದು ತಪ್ಪಲ್ಲ, ತಾಯಿ, ಇದು ಭಾಷೆಯ ದಾರಿ. ತಾವು ಮನಸ್ಸು ಬಂದಲ್ಲಿ ಬಿಟ್ಟು, ಮನಸ್ಸು ಬಂದಲ್ಲಿ ಉಳಿಸಿದ್ದರೆ ನನಗೆ ಅನುಮಾನ ಬರುತ್ತಿತ್ತು. ತಾವು ಒಂದನ್ನೂ ಬಿಡದೆ ನಿಯಮದಂತೆ ತೆಗೆದಿರಿ. ಅದಕ್ಕೇ ನಾನು ನಂಬಿಬಿಟ್ಟೆ. ಆ ಹಾಳೆಯಲ್ಲಿ ಇರುವುದು ಕಿವಾಯಿಯ ಬಂಧುಗಳಲ್ಲ, ಕೋಗಿಲು.” ನಗು ನಿಂತಿತು. “ಆದರೆ ನಾನು ಅದನ್ನು ಅಜ್ಜಿಯ ಲೆಕ್ಕಕ್ಕೆ ಸೇರಿಸಲಾರೆ. ಹತ್ತು ದಿನದಲ್ಲಿ ಸರಿಯಾದೀತೇ?”

ಮಾಲೀಕರ ಮುಖ ಗಂಟಿಕ್ಕಿತ್ತು. ಗಿರಾಕಿಯ ಎದುರು ನನ್ನನ್ನು ಬೈಯಲಾಗದೆ, ಮಾತನ್ನು ಹಲ್ಲಿನ ನಡುವೆ ಇಟ್ಟುಕೊಂಡು ಹೇಳಿದರು. “ಸರಿ ಮಾಡ್ತಾರೆ. ಇವರೂ ಆ ಯಮ್ಮನೂ ಸೇರಿ ಮಾಡ್ತಾರೆ. ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೆ ಇಬ್ರೂ ಒಟ್ಟಿಗೆ ಮನೆಗೆ ಹೋಗ್ತಾರೆ.”

ಪಾದ್ರಿಗಳು ಹೋದ ಮೇಲೆ ನಾವು ಮೂವರು ಕೇಸಿನ ಸುತ್ತ ನಿಂತೆವು. ಮೊದಲು ನಾನು ಜೋಡಿಸುವವರ ಕ್ಷಮೆ ಕೇಳಿದೆ. ಆತ ಕೇಳಿಸಿಕೊಳ್ಳದವರಂತೆ ಎಚ್ ಮೊಳೆಗಳನ್ನು ಅಂಗೈಯಲ್ಲಿ ಎಣಿಸುತ್ತಿದ್ದರು.

“ಎಂಟು ಪುಟ ಒಟ್ಟಿಗೆ ಜೋಡಿಸಿದ್ರೆ ಎಚ್ ಎಲ್ಲ ಅದರಲ್ಲೇ ಕೂತ್ಬಿಡ್ತವೆ ಸಾರ್. ಅದು ಅಚ್ಚಾಗಿ ಬಿಚ್ಚೋವರೆಗೂ ಮುಂದಿನದಕ್ಕೆ ಕೈ ಹಾಕೋಕಾಗಲ್ಲ. ನಾಲ್ಕು ನಾಲ್ಕು ಪುಟ ಹೊಡ್ಯೋಣ. ನಾಲ್ಕು ಅಚ್ಚಾದ ತಕ್ಷಣ ಬಿಚ್ಚಿ ಇನ್ನಾಲ್ಕು.”

ಅಂದರೆ ಯಂತ್ರಕ್ಕೆ ಎರಡರಷ್ಟು ಓಟ. ಪ್ರೂಫಿಗೆ ಕಾಯುವ ಸಮಯ ಇಲ್ಲ. ಬಂದ ತಕ್ಷಣ ತಿದ್ದಬೇಕು, ತಿದ್ದಿದ್ದು ಒಂದೇ ಸಲಕ್ಕೆ ಸರಿಯಿರಬೇಕು.

ಪ್ರಶ್ನೆ ಉಳಿದದ್ದು ಓದುವುದರದ್ದು. ಪ್ರತಿ ಶಬ್ದವನ್ನೂ ಅಕ್ಷರ ಬಿಡಿಸಿ ಓದಿಸಬಹುದಿತ್ತು. ಒಂದು ಪುಟ ಮಾಡಿ ನೋಡಿದೆವು. ಆ ವೇಗದಲ್ಲಿ ಹೋದರೆ ಹಡಗು ಆಸ್ಟ್ರೇಲಿಯಾ ಮುಟ್ಟಿದರೂ ನಾವು ಮುಟ್ಟುವುದಿಲ್ಲ ಎನ್ನಿಸಿತು. ನಾನೊಬ್ಬನೇ ಎರಡನ್ನೂ ನೋಡಿದರೆ ಕಣ್ಣು ಅತ್ತಿತ್ತ ಜಿಗಿದು ಸಾಲು ತಪ್ಪುತ್ತಿತ್ತು. ಆಗ ಹೊಳೆಯಿತು. ಆಲಮ್ಮನ ಕಣ್ಣು ಎಂದೂ ತಪ್ಪಿರಲಿಲ್ಲ, ಬಾಯಿಗೆ ಬರುವಾಗ ಮಾತ್ರ ಅಕ್ಷರ ಉದುರುತ್ತಿತ್ತು. ಹಾಗಾದರೆ ಆಕೆಯಿಂದ ಓದಿಸುವುದೇಕೆ?

“ಜಾಗ ಬದ್ಲಾಯಿಸೋಣಮ್ಮ. ನೋಟ್‌ಬುಕ್ ನಾನು ಓದ್ತೀನಿ. ಪ್ರೂಫ್ ನೀವು ತಿದ್ದಿ.”

ಆಕೆ ಬೆಚ್ಚಿಬಿದ್ದರು. “ಕೆಂಪು ಪೆನ್ಸಿಲ್ಲು ನಾನ್ ಇಡ್ಕಳ್ಳದಾ ಸಾ? ಬ್ಯಾಡ. ಇನ್ನೊಂದ್ ಎಚ್ಚುಕಮ್ಮಿ ಆದ್ರೆ ನಮ್ಮಣ್ಣ…”

“ಆದ್ರೆ ನಾನೂ ಬರ್ತೀನಲ್ಲ, ಜೊತೇಲೇ ರೈಲು ಹತ್ತೋಣ.”

ಆಕೆ ನಗಲಿಲ್ಲ. ಪೆನ್ಸಿಲ್ ಮಾತ್ರ ತೆಗೆದುಕೊಂಡರು.

ನಾನು ಗಂಟಲು ಸರಿಮಾಡಿಕೊಂಡು ಓದಲು ಶುರು ಮಾಡಿದೆ. ಎ, ಎಚ್, ಎಸ್ ಎಲ್ಲವೂ ಸ್ಪಷ್ಟವಾಗಿ ಬರುವ ಬಾಯಿ ನನ್ನದು ಎಂಬ ಹಮ್ಮು ಇನ್ನೂ ಪೂರ್ತಿ ಇಳಿದಿರಲಿಲ್ಲ. ಹತ್ತು ಸಾಲು ಹೋಗಿರಲಿಲ್ಲ, ಆಲಮ್ಮ ಪೆನ್ಸಿಲ್ ಎತ್ತಿದರು.

“ಸಾ, ಇಲ್ಲೊಂದು ಮೇಲ್ಗಡೆ ಚುಕ್ಕೆ ಇಟ್ಟವ್ರೆ ಜೋಡ್ಸೋರು. ನೀವು ಏಳ್ಲೇ ಇಲ್ಲ.”

ನೋಟ್‌ಬುಕ್ಕಿನಲ್ಲಿ ನೋಡಿದೆ. ಎರಡು ಸ್ವರಗಳ ನಡುವೆ, ಮೇಲೆ, ಒಂದು ಅಲ್ಪವಿರಾಮದಂಥ ಗೀಟು. ಗಂಟಲಲ್ಲಿ ಮಾತು ಒಂದು ಕ್ಷಣ ಸಿಕ್ಕಿಕೊಂಡು ಬಿಡುವುದಕ್ಕೆ ಪಾದ್ರಿಗಳು ಇಟ್ಟ ಗುರುತು ಅದು. ಪೆನ್ಸಿಲ್ ಜಾರಿದ ಕಲೆ ಎಂದುಕೊಂಡು ನಾನು ದಾಟಿದ್ದೆ. ಹಾಗೆ ದಾಟಿದ್ದು ಅದೊಂದೇ ಅಲ್ಲ, ಹಿಂದೆಯೂ ಮೂರಿದ್ದವು. ನನ್ನ ಬಾಯಿಗೆ ಅಭ್ಯಾಸವಿಲ್ಲದ್ದನ್ನು ನನ್ನ ಕಣ್ಣೂ ಬಿಟ್ಟುಬಿಡುತ್ತಿತ್ತು. ನನ್ನ ಮುಖ ಕೆಂಪಾಗಿರಬೇಕು. ಆಕೆ ತಲೆ ತಗ್ಗಿಸಿ ಪ್ರೂಫಿನ ಮುಂದಿನ ಸಾಲಿಗೆ ಹೋದರು.

ಅಲ್ಲಿಂದ ಆ ಗುರುತಿಗೆ ಮೇಜನ್ನು ಬೆರಳಿನಿಂದ ಒಂದು ಸಲ ಕುಟ್ಟುವುದು, ಎಚ್ಚಿಗೆ ಎರಡು ಸಲ ಕುಟ್ಟುವುದು ಎಂದು ನಾವೇ ಒಂದು ನಿಯಮ ಮಾಡಿಕೊಂಡೆವು. ಹೊರಗಿನಿಂದ ಕೇಳಿದವರಿಗೆ ಯಾರೋ ತಾಳ ಹಾಕಿಕೊಂಡು ಮಂತ್ರ ಹೇಳುತ್ತಿದ್ದಾರೆ ಅನ್ನಿಸುತ್ತಿತ್ತು. ನಾಲ್ಕು ಪುಟ ಅಚ್ಚು, ಬಿಚ್ಚುವುದು, ಮತ್ತೆ ನಾಲ್ಕು. ಆರನೆಯ ದಿನ ಯಂತ್ರದ ಬೆಲ್ಟು ಕಿತ್ತುಕೊಂಡು ಅರ್ಧ ದಿನ ಹಾಳಾಯಿತು. ಎಂಟನೆಯ ದಿನ ಯಲಹಂಕದಿಂದ ಬರುವ ರೈಲು ತಡವಾಗಿ, ಆಲಮ್ಮ ಹೊತ್ತಿಗೆ ಸರಿಯಾಗಿ ಬರಲಿಲ್ಲ. ಅಣ್ಣ ತಡೆದುಬಿಟ್ಟರೇನೋ ಎಂದು ನಾನು ಬಾಗಿಲಿಗೂ ಮೇಜಿಗೂ ತಿರುಗಾಡುತ್ತಿದ್ದೆ. ಹನ್ನೊಂದಕ್ಕೆ ಬಂದರು. ಬಂದವರೇ ಪೆನ್ಸಿಲ್ ಕೈಗೆತ್ತಿಕೊಂಡು, “ಏಳಿ ಸಾ” ಎಂದರು. ನಾನು ಎದ್ದು ನಿಂತೆ. “ಅಯ್ಯೋ, ಎದ್ದೇಳಿ ಅಂದಿದ್ದಲ್ಲ. ಓದಿ ಏಳಿ ಅಂದೆ.” ಆ ವಾರದಲ್ಲಿ ನಾವು ಮೂವರೂ ನಕ್ಕದ್ದು ಆಗ ಮಾತ್ರ.

ಮೂರು ಫಾರಂ ಸರಿಯಾದವು. ಪಾದ್ರಿಗಳು ಅಜ್ಜಿಯ ಶಬ್ದಗಳನ್ನು ಹೊಸದಾಗಿ ಲೆಕ್ಕ ಹಾಕಿ ಕಳಿಸಿದರು. ಓಸಿಓ ಎಂಬುದರ ಮೊದಲಿಗೆ ಒಂದು ನಕ್ಷತ್ರ ಕೂತಿತು. ಹತ್ತನೆಯ ದಿನ ಬೆಳಿಗ್ಗೆ ಕೊನೆಯ ನಾಲ್ಕು ಪುಟ ಯಂತ್ರದ ಮೇಲಿತ್ತು, ಇನ್ನೂ ಓಡಿಸಿರಲಿಲ್ಲ. ಪಾದ್ರಿಗಳು ಸಾಮಾನು ಕಟ್ಟಿದ ಜಟಕಾದಲ್ಲೇ ಬಂದರು. ಸಾಯಂಕಾಲ ಅವರಿಗೆ ರೈಲು. ಮಾಲೀಕರು ಬಂದು ಎದುರಿಗೆ ನಿಂತರು.

ಪಾದ್ರಿಗಳು ತಿದ್ದಿದ ಮೊದಲ ಫಾರಮ್ಮಿನ ಹಾಳೆಯನ್ನು ಆಲಮ್ಮನ ಕೈಗೆ ಕೊಟ್ಟರು. “ಹುಡುಗ ಎಂಬ ಶಬ್ದವನ್ನು ದಯಮಾಡಿ ಓದಿ. ಮೂಡಣದ್ದು.”

ಆಕೆ ನನ್ನನ್ನು ನೋಡಿದರು. ನಾನು ಮೇಜನ್ನು ಎರಡು ಸಲ ಕುಟ್ಟಿದೆ. ಆಕೆ ಎದೆ ತುಂಬ ಉಸಿರೆಳೆದುಕೊಂಡು ಓದಿದರು.

“ಓ… ಹಿ… ಓ.”

ಪಾದ್ರಿಗಳು ಕಣ್ಣು ಮುಚ್ಚಿಕೊಂಡು ಕೂತಿದ್ದರು. “ಹೌದು. ಹೀಗೆಯೇ ಕರೆಯುತ್ತಿದ್ದರು” ಎಂದರು ಕೊನೆಗೆ. ಮಾಲೀಕರು ಗಂಟಲಲ್ಲೇ ಏನೋ ಅಂದು, ನನ್ನ ಕಡೆ ತಲೆಯಾಡಿಸಿದರು. “ಇನ್ಮೇಲೂ ಹಿಂಗೇ ಮಾಡ್ರೀ. ಓದೋದು ನೀವು, ತಿದ್ದೋದು ಆ ಯಮ್ಮ.” ಆಲಮ್ಮ ಗೋಡೆಗೆ ಒರಗಿ ನಿಂತುಬಿಟ್ಟರು.

“ಕೊನೆಯ ಪುಟದ ಕೆಳಗೆ ಒಂದು ಸಾಲಿಗೆ ಜಾಗವಿದೆಯೇ?” ಎಂದು ಪಾದ್ರಿಗಳು ಕೇಳಿದರು. “ಪ್ರೂಫ್ ತಿದ್ದಿದವರಿಗೆ ಕೃತಜ್ಞತೆ ಹೇಳಬೇಕು. ಹೆಸರೇನು?”

ಜೋಡಿಸುವವರು ಮೊಳೆ ಕೂರಿಸುವ ಸ್ಟಿಕ್ ಹಿಡಿದು ಸಿದ್ಧರಾದರು. “ಆಲಮ್ಮ” ಎಂದು ನಾನೇ ಮುಂದಾಗಿ ಹೇಳಿದೆ. “ಎ ಇಂದ ಶುರು.”

ಪಾದ್ರಿಗಳು ಕೈಯೆತ್ತಿ ತಡೆದರು. “ಅವರನ್ನು ಕೇಳೋಣ. ತಾಯಿ, ಯಾವ ಆಲು? ಆಲದ ಮರದ ಆಲವೋ?”

“ಅಲ್ಲ ಸಾಮಿ” ಎಂದರು ಆಕೆ. “ಕುಡಿಯೋ ಆಲು.”

ಜೋಡಿಸುವವರು ನನ್ನ ಮುಖ ನೋಡಿ, ದೊಡ್ಡ ಎಚ್ ಗೂಡಿಗೆ ಕೈ ಹಾಕಿದರು.

ಕೋಗಿಲಿನ ಕಡೆ ಆಲದ ಮರದ ಕೆಳಗಿನ ಯಾವುದೋ ಅಮ್ಮನ ಹೆಸರಿರಬೇಕು ಎಂದುಕೊಂಡು, ದಿನವೂ ಹಾಜರಿ ಹಾಕುತ್ತಾ ಬಂದವನು ನಾನು. ಆಡು ಎಂದು ಓದಿದ್ದಕ್ಕೆ ನಾಲ್ಕು ಜನರ ಮುಂದೆ ನಿಲ್ಲಿಸಿ ಬೈದವನೂ ನಾನೇ. ಕೊನೆಯ ಪುಟಗಳೂ ಅಚ್ಚಾಗಿ, ಪುಸ್ತಕಗಳ ಕಟ್ಟು ಹೊತ್ತು ಪಾದ್ರಿಗಳ ಜಟಕಾ ಹೋದ ಮೇಲೆ ಹಾಜರಿ ಪುಸ್ತಕ ತೆಗೆದು ಆಕೆಯ ಮುಂದಿಟ್ಟೆ.

“ಇದನ್ನ ನೀವು ನೋಡಿರ್ಲಿಲ್ವೇನಮ್ಮ?”

“ಮೊದಲ್ನೇ ದಿನಾನೇ ನೋಡ್ದೆ ಸಾ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ನೀವು ಬರ್ದಿದ್ರಲ್ಲ” ಎಂದರು ಹಾಲಮ್ಮ. “ಬರ್ಯೋರಿಗೆ ಗೊತ್ತಿರ್ತದೆ, ನಾನೇ ಇಷ್ಟ್ ದಿನ ತಪ್ಪು ಬರ್ಕೊತಿದ್ನೇನೋ ಅಂದ್ಕಂಡೆ.”

ಕೆಂಪು ಪೆನ್ಸಿಲ್ ಆಕೆಯ ಕೈಯಲ್ಲೇ ಇತ್ತು. ಕೇಳಿ ತೆಗೆದುಕೊಂಡು, ಸೇರಿದ ದಿನದಿಂದ ಹಿಡಿದು ಎಲ್ಲ ಪುಟಗಳಲ್ಲೂ ಹೆಸರು ತಿದ್ದಿದೆ. ಗಟ್ಟಿಯಾಗಿ ಓದಲು ಯಾರನ್ನೂ ಕರೆಯಲಿಲ್ಲ.